ಬತ್ತೆ

"ಹಲೋ ಅಜ್ಜಿ, ಶನಿವಾರ ಊರಿಗೆ ಬರ್ತೀನಿ," ಎಂದಳು ಅವನಿ, ವಾರ್ಡನ್ ಕೊಟ್ಟ ಫೋನನ್ನು ಕಿವಿಗೆ ಒತ್ತಿಕೊಂಡು. ಬೆನ್ನ ಹಿಂದೆ ಏಳನೇ ಕ್ಲಾಸಿನ ಹುಡುಗಿಯರು ಸರದಿಗೆ ಕಾಯುತ್ತಿದ್ದರು. ಕೊಪ್ಪದ ಈ ಹಾಸ್ಟೆಲಿಗೆ ಬಂದ ಹೊಸದರಲ್ಲಿ, ಮೇಡಂ ಕರೆದಾಗ ಅವಳು ಬಾಯಿತಪ್ಪಿ, 'ಬರ್ತೀನಿ' ಎನ್ನುವ ಬದಲು ಮನೆಮಾತಿನಲ್ಲಿ "ಬತ್ತೆ" ಎಂದಿದ್ದಳು. ಅಂದಿನಿಂದ ಅದೇ ಅವಳ ಹೆಸರು. "ಬತ್ತೆ ಬಂದ್ಲು, ಬತ್ತೆ ಹೋದ್ಲು" ಎಂದು ಹುಡುಗಿಯರು ರಾಗ ಎಳೆಯುತ್ತಿದ್ದರು. ಅವಳು ಮನೆಮಾತನ್ನೇ ಬಿಟ್ಟುಬಿಟ್ಟಿದ್ದಳು.

ಬೇಗಾರಿನ ಮನೆಯಲ್ಲಿದ್ದ ಅಜ್ಜಿ ಪೇಟೆಯವರ ಹತ್ತಿರ ಆಡುವ ದನಿಯಲ್ಲಿ, "ರಾಂಗ್ ನಂಬರ್ ಕಣಮ್ಮಾ. ನಮ್ಮನೆ ಕೂಸು ಹಿಂಗೆ ಮಾತಾಡಲ್ಲ," ಎಂದಳು.

ಯಾರಾದರೂ ಒಮ್ಮೆ 'ಕೂಸೇ' ಎನ್ನಲಿ ಎಂದು ಅವನಿ ವಾರವಿಡೀ ಕಾದಿದ್ದಳು. ಈಗ ಅಜ್ಜಿ ಆ ಮಾತನ್ನು ಯಾರೋ ಹೊರಗಿನವಳಿಗೆ ಹೇಳುವಂತೆ ಹೇಳಿದ್ದಳು. ಫೋನಿನಿಂದ ಅಜ್ಜಿಯ ದನಿ ಹೊರಗೂ ಕೇಳಿ, ಹಿಂದೆ ಯಾರೋ ಕಿಸಕ್ಕೆಂದರು. "ಸುಮ್ನಿರೇ ಮಾರಾಯ್ತಿ," ಎಂದು ಸರದಿಯಲ್ಲಿದ್ದ ಸಫೂರಾ ಗದರಿದಳು. "ಅವನಿ, ನಿಮ್ಮನೆ ಮಾತಲ್ಲೇ ಮಾತಾಡು. ನಾನು ಅಮ್ಮಿ ಹತ್ರ ಉರ್ದು ಮಾತಾಡಲ್ವಾ?"

ಗೋಡೆಗೆ ಮುಖ ಮಾಡಿದ್ದ ಅವನಿ ಹುಡುಗಿಯರ ಕಡೆ ತಿರುಗಿ ನಿಂತಳು.

"ಅಜ್ಜೀ, ಶನಿವಾರ ಬತ್ತೆ!" ಎಂದಳು, ಇಡೀ ಕೋಣೆಗೆ ಕೇಳುವ ಹಾಗೆ.

"ಓ, ಕೂಸೇ!" ಎಂದಳು ಅಜ್ಜಿ.