ಥ್ಯಾಂಕ್ಯೂ ಅನ್ನುವ ಯಂತ್ರ

ಶಾಹಿಸ್ತಾ ಬೆನ್ನು ತಿರುಗಿಸಿದ್ದೇ ತಡ, ಹಣಮಂತರಾಯ ಗೋಡೆಯ ಮೇಲಿನ ಸ್ವಿಚ್ಚನ್ನು ಟಕ್ಕನೆ ಆರಿಸಿಬಿಟ್ಟ. ದೀಪ ಹೋಯಿತು. ಫ್ಯಾನು ನಿಂತಿತು. ಅವನ ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಲೇ ಇತ್ತು.

“ಎಷ್ಟ ಆರಿಸಿದ್ರೂ ಅಷ್ಟರಿ ಕಾಕಾ. ಲ್ಯಾಪ್‌ಟಾಪು ಬ್ಯಾಟರಿಮ್ಯಾಲೆ ನಡದೈತಿ,” ಎಂದಳು ಶಾಹಿಸ್ತಾ, ತಿರುಗಿಯೂ ನೋಡದೆ. “ಇಬ್ರಾಹಿಂಪುರದಾಗ ಕರೆಂಟ್ ನಂಬಿ ಈ ಕೆಲಸಾ ಮಾಡಾಕ ಆಗತೈತೇನ್ರಿ?”

ಕೈ ತಪ್ಪಿ ತಾಗಿತು ಎಂದು ಗೊಣಗುತ್ತ ಹಣಮಂತರಾಯ ಸ್ವಿಚ್ಚನ್ನು ಮತ್ತೆ ಹಾಕಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. ಮಾತು ಅರ್ಧಕ್ಕೇ ಒಣಗಿತು.

ಅವಳ ರಿಪೇರಿ ಅಂಗಡಿಯ ಮೇಜಿನ ಮೇಲಿದ್ದದ್ದು ಹೆಬ್ಬೆರಳಿನಷ್ಟು ದೊಡ್ಡ ವೈಫೈ ಕಾರ್ಡು. ತಿಕೋಟಾದ ಸರಕಾರಿ ಕಚೇರಿಯೊಂದರಲ್ಲಿ, ಬೆರಳಿಟ್ಟರೆ ಹಾಜರಿ ಬರೆದುಕೊಳ್ಳುವ ಯಂತ್ರದ ಹೊಟ್ಟೆಯಿಂದ ಕಿತ್ತು ತಂದದ್ದು. ಹೋದ ಬೇಸಿಗೆಯಲ್ಲಿ ಕಚೇರಿಗೆ ಹೊಸ ರೂಟರ್ ಬಂತು. ಹಳೆಯ ಕಾರ್ಡಿಗೆ ಅದರ ಮಾತು ತಿಳಿಯಲಿಲ್ಲ. ಕಾರ್ಡು ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿಕೊಂಡಿತ್ತು. ಅಂದಿನಿಂದ ಆ ಯಂತ್ರ ಬೆರಳಿಟ್ಟವರಿಗೆಲ್ಲ ‘ಥ್ಯಾಂಕ್ಯೂ’ ಅನ್ನುತ್ತಿತ್ತು, ಮೇಲಿನವರಿಗೆ ಮಾತ್ರ ಚಾಡಿ ಹೇಳುತ್ತಿರಲಿಲ್ಲ. ಇಂಥ ಯಂತ್ರ ಸಿಗಲು ಪುಣ್ಯ ಮಾಡಿರಬೇಕು. ಗುಮಾಸ್ತ ಸಂಗನಬಸವ ಹೊನವಾಡದ ತನ್ನ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಸಿ, ಸ್ನಾನ ಮಾಡಿ, ಉಂಡು, ಆಮೇಲೆ ಕಚೇರಿಗೆ ದಯಮಾಡಿಸುತ್ತಿದ್ದ. ಬಂದವನೇ ತನ್ನ ಫೈಲುಗಳನ್ನು ಹಣಮಂತರಾಯನ ಮೇಜಿಗೆ ತಳ್ಳಿ ತೇಗುತ್ತಿದ್ದ. ಟೈಪಿಸ್ಟ್ ಸೌಭಾಗ್ಯಳಿಗೆ ಅಷ್ಟು ಧೈರ್ಯವಿರಲಿಲ್ಲ, ಅವಳು ತೇಗದೆ ತಳ್ಳುತ್ತಿದ್ದಳು.

ಹೋದ ತಿಂಗಳು ಬಂದ ಹೊಸ ಸಾಹೇಬರು ಸುಮ್ಮನಿದ್ದಿದ್ದರೆ ಎಲ್ಲವೂ ಸುಖವಾಗಿತ್ತು. ಓದದೆ ಸಹಿ ಹಾಕುವುದರಲ್ಲಿ ಅವರದು ಎತ್ತಿದ ಕೈ, ಆದರೆ ಯಂತ್ರಗಳ ಮೇಲೆ ವಿಪರೀತ ಭಕ್ತಿ. ಕಾರ್ಡು ರಿಪೇರಿ ಮಾಡಿಸಿಕೊಂಡು ಬನ್ನಿ ಎಂದು, ಹೇಳಿದ ಕೆಲಸ ಮಾಡುವ ಒಬ್ಬನೇ ಒಬ್ಬನಾದ ಹಣಮಂತರಾಯನನ್ನು ವಿಜಯಪುರದ ಇಬ್ರಾಹಿಂಪುರಕ್ಕೆ ಅಟ್ಟಿದರು. ಅವನಿಗೋ, ಕಾರ್ಡು ಬದುಕಿದರೆ ತನ್ನ ಕುರ್ಚಿ ಹೋಯಿತೆಂದೇ ಅರ್ಥ.

ಶಾಹಿಸ್ತಾ ಸಣ್ಣ ಕ್ಲಿಪ್ಪೊಂದನ್ನು ಕಾರ್ಡಿನ ಚಿಪ್‌ಗೆ ಕಚ್ಚಿಸಿದ್ದಳು. ಕಾರ್ಡನ್ನು ಒಳಗಿನಿಂದ ನಡೆಸುವ ಹಳೆಯ ಫರ್ಮ್‌ವೇರನ್ನು ಅಳಿಸಿ ಹೊಸದನ್ನು ಬರೆಯುವುದೇ ಅವಳ ಕಸುಬು. ಬರೆಯುವಾಗ ಕರೆಂಟ್ ಹೋದರೆ ಕಾರ್ಡು ಕಲ್ಲಾಗುತ್ತದೆ ಎಂದು ಅವಳೇ ಬಾಯಿ ಬಿಟ್ಟಿದ್ದಳು. ಹಣಮಂತರಾಯನಿಗೆ ಅಷ್ಟೇ ಸಾಕಾಗಿತ್ತು.

“ಖರೇ ಹೇಳ್ರಿ ಕಾಕಾ. ಆಫೀಸಿಗೆ ತಡಾ ಮಾಡಿ ಹೋಗ್ತೀರೇನು?”

“ಇಲ್ಲವಾ. ಬಾಗಲಾ ತಗಿಯೂದಕ್ಕಿಂತ ಮದ್ಲ ಕಟ್ಟಿಮ್ಯಾಲೆ ಕುಂತಿರ್ತೇನಿ.”

“ಮತ್ತ ಪಗಾರ ಕಟ್ ಆಗತೈತೇನು?”

“ಪಗಾರದ ಚಿಂತಿ ನನಗ ಒಂದೀಟೂ ಇಲ್ಲ.”

ಶಾಹಿಸ್ತಾ ಹುಬ್ಬೇರಿಸಿದಳು. ಸರಕಾರಿ ಕಚೇರಿಯವರ ಬಾಯಲ್ಲಿ ಈ ಮಾತು ಅವಳು ಕೇಳಿದ್ದು ಇದೇ ಮೊದಲು. “ಹಂಗಾರ ಮ್ಯಾಲಿನ ಗಳಿಕಿ ಜೋರ ಇರಬೇಕ್ರಿ,” ಎಂದಳು.

ಹಣಮಂತರಾಯ ಮುಂದೆ ಬಾಗಿದ. “ಯವ್ವಾ, ಯಂತ್ರ ನಡೀಲಿ, ಥ್ಯಾಂಕ್ಯೂ ಅನ್ನಲಿ. ದೊಡ್ಡ ಆಫೀಸಿನ ಜೋಡಿ ಮಾತಾಡೂದು ಅಷ್ಟ ಬ್ಯಾಡ. ಹಂಗ ಮಾಡಿಕೊಡು, ಕೈ ಮುಗೀತೇನಿ.”

“ಆಗಂಗಿಲ್ರಿ. ಜೋಡಾದ ಕೂಡ್ಲೇ ಅದು ಹಳೇ ಪಟ್ಟಿ ಅಳಿಸಿ ಅಲ್ಲಿಂದ ಹೊಸಾ ಹೆಸರಿನ ಪಟ್ಟಿ ಇಳಿಸ್ಕೊಂತೈತಿ. ಯಾರು ಯಾವಾಗ ಬಂದ್ರು ಅನ್ನೂದು ಅಲ್ಲಿಗೆ ಕಳಸತೈತಿ. ಅದರ ಕೆಲಸಾನ ಅದು. ನಾ ಸತ್ತಿದ್ದನ್ನ ಎಬ್ಬಸ್ತೇನಿ ಕಾಕಾ, ಕೊಲ್ಲೂದು ಕಲ್ತಿಲ್ಲ.”

ಕಾರ್ಡಿನ ಮೂಲೆಯಲ್ಲಿ ಹಸಿರು ದೀಪ ಮಿಣಮಿಣ ಅಂದಿತು. ಶಾಹಿಸ್ತಾ ನಕ್ಕಳು. ಹಣಮಂತರಾಯನಿಗೆ ಅಳು ಬಂದಂತಾಯಿತು.

ಮರುದಿನ ಬೆಳಿಗ್ಗೆ ಹೆಂಡತಿ ಲಲಿತಾ ರೊಟ್ಟಿ ಬುತ್ತಿ ಕಟ್ಟಿ ಕೈಗಿತ್ತಳು. “ಲಗೂನ ಹೊಂಡ್ರಿ, ಬಸ್ ತಪ್ಪೀತು,” ಎಂದು ಬಾಗಿಲವರೆಗೂ ದೂಡಿಕೊಂಡು ಬಂದಳು. ರವಿವಾರ ಬಂತೆಂದರೆ ಅವಳಿಗೆ ತಲೆನೋವು. ಗಂಡ ಮನೆಯಲ್ಲಿ ಕುಳಿತು ಸಾಸಿವೆ ಡಬ್ಬಿಗೆ ಚೀಟಿ ಅಂಟಿಸುತ್ತಾನೆ, ಒಗ್ಗರಣೆಗೆ ಇಷ್ಟು ಎಣ್ಣೆ ಏಕೆ ಹೋಯಿತು ಎಂದು ವಿವರಣೆ ಕೇಳುತ್ತಾನೆ. ಅವಳಾದರೂ ಎಷ್ಟೆಂದು ಸಹಿಸಿಯಾಳು?

ತಿಕೋಟಾ ಬಸ್ಸಿನಲ್ಲಿ ಅವನು ಕಾರ್ಡನ್ನು ಕಿಟಕಿಯಾಚೆ ಎಸೆಯಲು ಕೈ ಎತ್ತಿದ. ಹೊರಗೆ ದ್ರಾಕ್ಷಿ ತೋಟಗಳು. ಬಿದ್ದರೆ ಯಾರ ಕಣ್ಣಿಗೂ ಸಿಗುತ್ತಿರಲಿಲ್ಲ. ಆದರೆ ಸರಕಾರದ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ಯದ ಕೈ ಅದು, ಹೇಳಿದ ಮಾತು ಕೇಳಲಿಲ್ಲ. ಇಂಥ ಕೈ ಇಟ್ಟುಕೊಂಡು ಯಾರು ಉದ್ಧಾರವಾಗಿದ್ದಾರೆ? ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟಿಗಿಂತ ಹೆದರಿಕೆ ದೊಡ್ಡದಿತ್ತು.

ಕಚೇರಿಯಲ್ಲಿ ಕಾರ್ಡು ಯಂತ್ರದ ಹೊಟ್ಟೆ ಸೇರಿತು. ಎಲ್ಲರೂ ಮುಖ ಸಣ್ಣ ಮಾಡಿಕೊಂಡು ಸಾಲಾಗಿ ನಿಂತರು. ಸಾಹೇಬರು ಬೆರಳಿಟ್ಟರು, ಥ್ಯಾಂಕ್ಯೂ. ಸೌಭಾಗ್ಯ ಇಟ್ಟಳು, ಥ್ಯಾಂಕ್ಯೂ. ತೋಟದಿಂದ ಓಡೋಡಿ ಬಂದಿದ್ದ ಸಂಗನಬಸವನಿಗೂ ಥ್ಯಾಂಕ್ಯೂ.

ಹಣಮಂತರಾಯ ಬೆರಳಿಟ್ಟ. ಕೆಂಪು ದೀಪ. ಕರವಸ್ತ್ರದಲ್ಲಿ ಒರೆಸಿಕೊಂಡು ಮತ್ತೆ ಇಟ್ಟ. ಮತ್ತೆ ಕೆಂಪು. ಸಂಗನಬಸವ ಸೌಭಾಗ್ಯಳ ಮುಖ ನೋಡಿದ. ಅವಳು ನೆಲ ನೋಡಿದಳು.

“ರಿಪೇರಿ ಮಾಡಿದವರು ಕಾರ್ಡನ್ನೇ ಕೆಡಿಸಿಟ್ಟಿದ್ದಾರೆ ರಾಯರೇ!” ಸಾಹೇಬರು ಸಿಡುಕಿದರು. “ಕಿತ್ತು ಬಿಸಾಕಿ ಅದನ್ನು.”

ಹೌದು ಎಂದರೆ ಸಾಕಿತ್ತು. ಕಾರ್ಡು ಕಸದ ಬುಟ್ಟಿಗೆ, ಕುರ್ಚಿ ಅವನಿಗೆ, ಕೆಟ್ಟ ಹೆಸರು ಶಾಹಿಸ್ತಾಳಿಗೆ. ಹಣಮಂತರಾಯ ಕರವಸ್ತ್ರ ಮಡಚಿ ಜೇಬಿಗಿಟ್ಟ.

“ಇಲ್ರೀ ಸಾಹೇಬ್ರ, ಹುಡುಗಿ ಕೆಲಸಾ ಚಲೋನ ಮಾಡ್ಯಾಳ. ಹೋದ ಶ್ರಾವಣದಾಗ ಇವರೆಲ್ಲಾ ಕೂಡಿ ಶಾಲು ಹೊಚ್ಚಿ, ಹಾರಾ ಹಾಕಿ, ನನ್ನ ರಿಟೈರ್ ಮಾಡಿ ಕಳಸ್ಯಾರ್ರಿ. ನಾ ಹೋಗಿಲ್ಲ, ಅಷ್ಟ.”