ಹುಚ್ಚವ್ವನ ಎಮ್ಮೆಗೆ ಹಚ್ಚಿದ ಟ್ಯಾಗು

"ಆ ಎಮ್ಮಿ ನಂದೈತಿ. ಮೊದಲ ಅದನ್ನ ತಗಿ!"

ಮಮದಾಪುರದ ಹುಚ್ಚವ್ವ ವಿಜಯಪುರದ ಸ್ಟೇಷನ್ ರಸ್ತೆಯ ಮಹಡಿ ಹತ್ತಿ ಬಂದವಳೇ ಸುಧಾರಾಣಿಯ ಕಂಪ್ಯೂಟರಿನತ್ತ ಬೊಟ್ಟು ಮಾಡಿದಳು. ದನಕರು ಮಾರುವವರಿಗೂ ಕೊಳ್ಳುವವರಿಗೂ ಸುಧಾರಾಣಿ ಒಂದು ವೆಬ್‌ಸೈಟ್ ನಡೆಸುತ್ತಿದ್ದಳು. ಹುಚ್ಚವ್ವನ ಮಗ ಭೀಮಾಶಂಕರ ತಾಯಿಗೆ ಒಂದು ಮಾತೂ ಹೇಳದೆ ಅದರಲ್ಲಿ ಎಮ್ಮೆಯ ಫೋಟೋ ಹಾಕಿಬಿಟ್ಟಿದ್ದ.

"ಹಾಕಿದವರ ತಗೀಬೇಕು ಆಯಿ, ನಾ ತಗದ್ರ ತಪ್ಪಾಗತೈತಿ. ಅಲ್ಲ, ಅಂವ ಯಾಕ ಮಾರಾಕತ್ತಾನ?"

"ನನ್ನ ಮೊಣಕಾಲು ನೋಯ್ತಾವಂತ! ಕುಂತು ಉಣ್ಣು ಅಂತಾನ. ನೋಯೂದು ನನ್ನ ಕಾಲು, ಅವನದೇನ ಗಂಟ ಹೋಗತೈತಿ? ಎಮ್ಮಿ ಹೋದ್ರ ಆ ಮನ್ಯಾಗ ನನ್ನ ಯಾರ ಕೇಳ್ತಾರ ಬೇ?" ಹುಚ್ಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸುಧಾರಾಣಿಗೆ ಅಯ್ಯೋ ಅನ್ನಿಸಿತು. ಹಿಂದಿನ ದಿನವಷ್ಟೇ ಅವಳು ಸೈಟಿಗೆ ಟ್ಯಾಗ್ ಸೇರಿಸಿದ್ದಳು. ಫೋಟೋದ ಕೆಳಗೆ 'ಎರಡನೇ ಸೂಲು', 'ಬಲು ಸಾಧು' ಎಂದು ಒಂದೆರಡು ಮಾತು ಹಚ್ಚುವುದು. ಆ ಮಾತನ್ನು ಒತ್ತಿದರೆ ಅಂಥ ದನಗಳೆಲ್ಲ ಡೇಟಾಬೇಸಿನಿಂದ ಎದ್ದು ಬಂದು ಸಾಲಾಗಿ ನಿಲ್ಲುವುದು. ಬೇರೆ ಊರಿನ ಇಂಜಿನಿಯರಾಗಿದ್ದರೆ ಟ್ಯಾಗ್ ಹಚ್ಚುವ ಹಕ್ಕನ್ನು ಮಾರುವವರಿಗೆ ಮಾತ್ರ ಕೊಡುತ್ತಿದ್ದರೇನೋ. ಇವಳು ದನದ ಸಂತೆ ನೋಡಿ ಬೆಳೆದವಳು. ಅಲ್ಲಿ ಮಾರುವವನೊಬ್ಬ, ಕೊಳ್ಳುವವನೊಬ್ಬ, ಮಾತಾಡುವವರು ಮಾತ್ರ ಸುತ್ತ ನಿಂತ ಅಷ್ಟೂ ಜನ! ಹಾಗಾಗಿ ಯಾರು ಬೇಕಾದರೂ ಯಾವ ದನಕ್ಕಾದರೂ ಟ್ಯಾಗ್ ಹಚ್ಚಬಹುದಿತ್ತು.

"ಆಯಿ, ಎಮ್ಮಿ ಗುಣಾ ಹೇಳು, ಫೋಟೋದ ಕೆಳಗ ಹಚ್ತೀನಿ. ಸುಳ್ಳ ಮಾತ್ರ ಬ್ಯಾಡ."

"ಸುಳ್ಳ್ಯಾಕ? ಬರಿ. ಒದೀತೈತಿ. ಹಗ್ಗಾ ಹರೀತೈತಿ. ಹೊಸಬರನ್ನ ಕಂಡ್ರ ಹಾಯಾಕ ಬರತೈತಿ. ಹುಚ್ಚವ್ವನ್ನ ಬಿಟ್ಟು ಯಾರಿಗೂ ಹಾಲ ಕೊಡಂಗಿಲ್ಲ." ಹೇಳುತ್ತ ಹೇಳುತ್ತ ಮುದುಕಿಗೆ ಹುರುಪು ಬಂತು. "ನನ್ನ ಮಗನ್ನ ಶೆಗಣ್ಯಾಗ ಕೆಡವೇತಿ, ಅದನ್ನೂ ಹಚ್ಚು!"

ಸುಧಾರಾಣಿ ನಗು ತಡೆಯಲಾರದೆ ಎಲ್ಲವನ್ನೂ ಹಚ್ಚಿದಳು. ಇನ್ನು ಈ ಎಮ್ಮೆಯ ತಂಟೆಗೆ ಯಾವ ಗಿರಾಕಿ ಬಂದಾನು ಎಂದುಕೊಂಡು ಇಬ್ಬರೂ ಆರಾಮಾಗಿ ಚಹಾ ಕುಡಿದರು.

ಅಷ್ಟರಲ್ಲಿ ಹುಚ್ಚವ್ವನ ಮೊಬೈಲ್ ಬಡಿದುಕೊಂಡಿತು. ಭೀಮಾಶಂಕರ. ಸುಧಾರಾಣಿ ಸ್ಪೀಕರ್ ಹಾಕಿಕೊಟ್ಟಳು.

"ಯವ್ವಾ, ಎಲ್ಲಿ ಅದಿ? ಏನೇನ ಬರಸೀದಿ ಬೇ? ಊರ ಮಂದಿ ಓದಿ ಓದಿ ನಗಾಕತ್ತಾರ!"

"ನಗಲಿ ಬಿಡು. ಗಿರಾಕಿ ಯಾರೂ ಬಂದಿಲ್ಲಲ್ಲ?"

"ಬಂದಾರ. ಕಳ್ಳಕವಟಗಿ ಊರಿನ ಕಾಸಿಮಸಾಬರು ಈಗಷ್ಟ ಫೋನ್ ಮಾಡಿದ್ರು. ಎಮ್ಮಿ ಭಾಳ ಚಲೋ ಐತಿ, ಆದ್ರ ಅದರ ಜೋಡಿ ಆ ಹುಚ್ಚವ್ವನ್ನೂ ಕಳಸ್ರಿ, ಆಕಿ ಉಣ್ಣೂದು ಉಡೂದು ಎಲ್ಲಾ ನಾವ ನೋಡ್ಕೋತೇವಿ ಅಂದ್ರು."

ಹುಚ್ಚವ್ವ ಸುಧಾರಾಣಿಯ ಮುಖ ನೋಡಿದಳು. ಆಮೇಲೆ ಫೋನನ್ನು ಬಾಯಿಯ ಹತ್ತಿರ ತಂದು ಮೆಲ್ಲಗೆ ಕೇಳಿದಳು, "ನೀ ಏನಂದಿ?"

"ಏನಂತೀನಿ? ಎರಡೂ ಕೊಡಂಗಿಲ್ಲ ಅಂದೆ."