ಪಂಕ್ತಿಗೆ ಜೊತೆ

ಅಭಿರಾಮ ಬ್ಯಾಗಿನಿಂದ ತನ್ನ ಡಬ್ಬಿ ತೆಗೆದು ಊಟದ ಮೇಜಿನ ಮೇಲಿಟ್ಟ. ಕರೆದವರ ಮನೆಗೆ ಹೋಗಿ ಸ್ವಂತ ಡಬ್ಬಿ ಬಿಚ್ಚುವ ಧೈರ್ಯ ಮೈಸೂರಿನ ಕಡೆಯವರಿಗೆ ಸುಲಭಕ್ಕೆ ಬರುವಂಥದ್ದಲ್ಲ. ಮರುದಿನ ಬೆಳಿಗ್ಗೆ ಆಸ್ಟಿನ್ನಿನಲ್ಲಿ ಹಾಫ್ ಮ್ಯಾರಥಾನ್ ಓಡಬೇಕಾದವನಿಗೆ ಮಾತ್ರ ಬರುತ್ತದೆ. ಡಬ್ಬಿಯಲ್ಲಿದ್ದದ್ದು ಬೇಯಿಸಿದ ಬ್ರೊಕೋಲಿ, ಒಂದಿಷ್ಟು ಕ್ವಿನೋವಾ ಕಾಳು, ಸೋಯಾದ ಸಪ್ಪೆ ಟೋಫು. ಉಳಿದದ್ದನ್ನೆಲ್ಲ ಅವನ ಕೋಚ್ ನಿಷೇಧಿಸಿದ್ದ. ಹೋದ ವರ್ಷ ಅಭಿರಾಮ ಹಬ್ಬದೂಟದ ಹೊಟ್ಟೆ ಹೊತ್ತು ಓಡಿ, ತಳ್ಳುಗಾಡಿಯಲ್ಲಿ ಕೂಸನ್ನು ಕೂರಿಸಿಕೊಂಡು ಓಡುತ್ತಿದ್ದ ತಾಯಿಯೊಬ್ಬಳಿಗಿಂತ ಹಿಂದೆ ಗುರಿ ಮುಟ್ಟಿದ್ದ. ಆ ಅವಮಾನ ಇನ್ನೂ ಕುಟುಕುತ್ತಿತ್ತು.

ಹಾಗೆ ನೋಡಿದರೆ ಪ್ರಾಸ್ಪರ್ ಎಂಬ ಊರಿನಲ್ಲಿದ್ದ ನಂಜುಂಡಸ್ವಾಮಿಯವರ ಈ ಹೊಸ ಮನೆಗೆ ಅವನು ಬಂದದ್ದು ಊಟಕ್ಕೇ ಅಲ್ಲ. ಓಟದ ನೆಪದಲ್ಲಿ ಮಲಾವಿಯ ಒಂದು ಶಾಲೆಯ ಮಕ್ಕಳ ಮಧ್ಯಾಹ್ನದ ಊಟಕ್ಕೆ ಹಣ ಕೂಡಿಸುತ್ತಿದ್ದ. ಅಂದು ಸಂಜೆಯೊಳಗೆ ಪೂರ್ತಿ ಆಗದಿದ್ದರೆ ಆ ಶಾಲೆಯಲ್ಲಿ ಈ ವರ್ಷ ಒಲೆ ಹೊತ್ತುವುದಿಲ್ಲ. ಪಕ್ಕದೂರು ಫ್ರಿಸ್ಕೋದ ಕನ್ನಡದವರೆಲ್ಲ, ನಂಜುಂಡಸ್ವಾಮಿ ಅಂಕಲ್ ಕೊಟ್ಟರಾ ಎಂದು ಕೇಳಿ, ಇನ್ನೂ ಇಲ್ಲ ಅಂದೊಡನೆ ಮೆಲ್ಲಗೆ ಜಾರಿಕೊಂಡಿದ್ದರು. ಹಿರಿಯರು ಕೊಟ್ಟರೆ ಉಳಿದವರೂ ಕೊಡುತ್ತಾರೆ. ಕೊಡದಿದ್ದರೆ ಜಗತ್ತಿನ ಬಡತನ ಇದ್ದಲ್ಲೇ ಇರುತ್ತದೆ. ನಂಜುಂಡಸ್ವಾಮಿಯವರೇನೋ ಫೋನಿನಲ್ಲಿ ಹಣ ಕಳಿಸುವ ಪುಟ ತೆರೆದು ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಗುಂಡಿ ಒತ್ತುವುದೊಂದು ಬಾಕಿ. ಮೊದಲು ಊಟ ಆಗಲಿ ಎಂದು ಹಟ ಹಿಡಿದಿದ್ದರು.

ಆ ಹಟದ ಗುಟ್ಟನ್ನು ಅವರ ಹೆಂಡತಿ ಸರೋಜಾ ತಟ್ಟೆ ಇಡುತ್ತಾ ತಾವೇ ಹೊರಗೆಡವಿದರು. ಯಜಮಾನರಿಗೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ. ಡಾಕ್ಟರು ಹಾಗಂದ ದಿನದಿಂದ ಅವರಿಗೆ ಸೌತೆಕಾಯಿ, ಒಣ ಫುಲ್ಕಾ, ನೀರು ಮಜ್ಜಿಗೆ. ಆದರೆ ಸರೋಜಾರ ಅತ್ತೆ ಹಾಕಿಕೊಟ್ಟ ಕಟ್ಟಳೆಯೊಂದಿದೆ, ಟೆಕ್ಸಾಸಿಗೆ ಬಂದರೂ ಅದು ಸಡಿಲವಾಗಿಲ್ಲ: ಬಂದವರನ್ನು ಒಬ್ಬರನ್ನೇ ಕೂರಿಸಿ ಬಡಿಸಬಾರದು. ಮನೆಯ ಯಜಮಾನ ಪಕ್ಕದಲ್ಲಿ ಕೂತು, ಅವರು ಉಂಡದ್ದನ್ನೇ ಉಣ್ಣಬೇಕು. ಒಲೆಯ ಪಕ್ಕದಲ್ಲಿ ಒಬ್ಬಟ್ಟು, ಆಂಬೊಡೆ, ಗೋಡಂಬಿ ಹಾಕಿದ ಬಿಸಿಬೇಳೆಬಾತು ಸಿದ್ಧವಾಗಿದ್ದವು. ಐದು ಬೆಡ್‌ರೂಮಿನ ಆ ಮನೆಯಲ್ಲಿ ಹಸಿದ ಜೀವವೊಂದು ವಾರಗಟ್ಟಲೆ ಅತಿಥಿಯ ದಾರಿ ಕಾಯುತ್ತಿತ್ತು.

ಡಬ್ಬಿ ನೋಡಿ ಸರೋಜಾ ಬೇಸರ ಮಾಡಿಕೊಳ್ಳುತ್ತಾರೆ ಎಂದು ಅಭಿರಾಮ ಅಂಜಿದ್ದ. ಅವರ ಮುಖ ಅರಳಿತು.

“ನೋಡ್ರೀ, ಈ ವಯಸ್ಸಿಗೇ ಎಷ್ಟು ಬುದ್ಧಿ ಇದೆ ಹುಡುಗನಿಗೆ,” ಎಂದು ಗಂಡನಿಗೆ ಹೇಳಿದರು. “ಇವತ್ತು ನೀವೂ ಇದನ್ನೇ ತಿನ್ನಿ. ಪಂಕ್ತಿಗೆ ಜೊತೆ ಆದ ಹಾಗೂ ಆಯ್ತು.” ಹೇಳಿದ್ದೇ ತಡ, ಅರ್ಧ ಬ್ರೊಕೋಲಿಯನ್ನು ಗಂಡನ ತಟ್ಟೆಗೆ ಸುರಿದು, ಒಬ್ಬಟ್ಟಿನ ಪಾತ್ರೆಗೆ ಮುಚ್ಚಳ ಹಾಕಿದರು.

ನಂಜುಂಡಸ್ವಾಮಿ ಒಂದು ತುಂಡು ಬಾಯಿಗಿಟ್ಟು ಅಗಿದರು. ಅಗಿಯುತ್ತಲೇ ಇದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಅಷ್ಟು ಹತ್ತಿರದಿಂದ ಅಭಿರಾಮ ಎಂದೂ ಕಂಡಿರಲಿಲ್ಲ. ಅವರು ಫೋನನ್ನು ಮೆಲ್ಲಗೆ ಬೋರಲು ಹಾಕಿದರು.

“ಮಲಾವಿ ಅಂದ್ಯಲ್ಲ, ಅದು ಎಲ್ಲಿದೆಯಪ್ಪಾ? ದುಡ್ಡು ಅಲ್ಲೀತನಕ ಸರಿಯಾಗಿ ತಲುಪುತ್ತೋ ಇಲ್ವೋ. ಮುಂದಿನ ವಾರ ವಿಚಾರ ಮಾಡೋಣ.”

ಅಭಿರಾಮನಿಗೆ ನಿಜವಾಗಿಯೂ ಅಳು ಬಂತು. ಬೆಳಗಿನ ಜಾವ ಎದ್ದು ಓಡಿದ್ದು, ಸಹೋದ್ಯೋಗಿಗಳ ಮುಂದೆ ಬಾಯಿ ಕಟ್ಟಿ ಕೂತದ್ದು, ಈ ಸಲವಾದರೂ ಎರಡು ಗಂಟೆಯೊಳಗೆ ಓಡಿ ಮುಗಿಸುತ್ತೇನೆಂಬ ಆಸೆ ಎಲ್ಲವೂ ಆ ಡಬ್ಬಿಯಲ್ಲಿದ್ದವು. ಇನ್ನೊಂದು ಕಡೆ, ತಾನು ಮುಖವನ್ನೇ ನೋಡಿರದ ಮಕ್ಕಳ ತಣ್ಣಗಿನ ಒಲೆ. ಬಡತನದ ವಿರುದ್ಧ ಹೋರಾಟ ಕಾಲಿನಿಂದ ಮಾಡುವುದೆಂದು ಅವನು ತಿಳಿದಿದ್ದ. ಹೊಟ್ಟೆಯಿಂದ ಮಾಡಬೇಕಾಗುತ್ತದೆಂದು ಯಾವ ಕೋಚೂ ಹೇಳಿರಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ.

“ಆಂಟಿ, ನನಗೆ ಒಂದು ಒಬ್ಬಟ್ಟು ಹಾಕಿ.”

ನಾಳೆ ಓಟ ಅಲ್ಲವೇನೋ ಎಂದು ಸರೋಜಾ ಅನುಮಾನದಿಂದ ಕೇಳಿದರು. ಓಟದ ಹಿಂದಿನ ದಿನ ಕಾರ್ಬ್ಸ್ ತಿನ್ನಬೇಕು ಅಂತಾರೆ ಎಂದು ಅಭಿರಾಮ ಸಮಜಾಯಿಷಿ ಕೊಟ್ಟ. ಅದು ಸುಳ್ಳಲ್ಲ. ಆದರೆ ತುಪ್ಪದಲ್ಲಿ ತೇಲಿಸಿ ತಿನ್ನಿ ಎಂದು ಯಾರೂ ಹೇಳಿಲ್ಲ.

ಆಮೇಲೆ ನಡೆದದ್ದು ಊಟವಲ್ಲ, ಪಾರಣೆ. ಓಡೋ ಹುಡುಗ, ಅವನಿಗೆ ಇನ್ನೊಂದು ಹಾಕು ಎಂದು ನಂಜುಂಡಸ್ವಾಮಿ ಒತ್ತಾಯ ಮಾಡುವರು. ಅಭಿರಾಮನ ತಟ್ಟೆಗೆ ಒಂದು ಬಿದ್ದರೆ ಕಟ್ಟಳೆಯ ಪ್ರಕಾರ ಅವರ ತಟ್ಟೆಗೂ ಬೀಳಲೇಬೇಕು. ಸರೋಜಾ ಗಂಡನಿಗೆ ಬಡಿಸುವಾಗ ಮಾತ್ರ ಚೂರು ಮುರಿದು ಹಾಕುತ್ತಿದ್ದರು. ಆಂಬೊಡೆ ಬರುವಷ್ಟರಲ್ಲಿ ಮಲಾವಿ ಎಲ್ಲಿದೆ ಅನ್ನುವುದು ನಂಜುಂಡಸ್ವಾಮಿಯವರಿಗೆ ತಾನಾಗಿಯೇ ಹೊಳೆದಿತ್ತು. ಕೈ ತೊಳೆದು ಬಂದವರು ಫೋನಿನಲ್ಲಿದ್ದ ಅಂಕಿ ಅಳಿಸಿ, ಅದರ ಎರಡರಷ್ಟು ಬರೆದು, ಗುಂಡಿ ಒತ್ತಿದರು. ಸುದ್ದಿ ವಾಟ್ಸ್ಯಾಪಿನಲ್ಲಿ ಫ್ರಿಸ್ಕೋ ತಲುಪಿದ್ದೇ, ಜಾರಿಕೊಂಡಿದ್ದವರೆಲ್ಲ ನಾಚಿಕೊಂಡು ಒಬ್ಬೊಬ್ಬರಾಗಿ ಕೊಡತೊಡಗಿದರು. ಶಾಲೆಯ ಒಲೆ ಉಳಿಯಿತು. ಅಭಿರಾಮನಿಗೆ ಮನಸ್ಸು ಹಗುರ, ಮಿಕ್ಕದ್ದೆಲ್ಲ ಭಾರ.

ಅವನು ಉಬ್ಬಸಪಡುತ್ತಾ ಕಾರು ಹತ್ತಿ ಸೀಟನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಿರುವಾಗ ನಂಜುಂಡಸ್ವಾಮಿ ಚಪ್ಪಲಿ ಮೆಟ್ಟಿಕೊಂಡು ಕಾರಿನವರೆಗೂ ಬಂದರು. ಒಮ್ಮೆ ಮನೆಯ ಕಡೆ ತಿರುಗಿ ನೋಡಿ, ಕಿಟಕಿಗೆ ಬಾಗಿ, ದನಿ ತಗ್ಗಿಸಿದರು.

“ಅಲ್ಲಪ್ಪಾ, ಈ ಪ್ರಪಂಚದ ಬಡತನ ಒಂದೇ ಓಟಕ್ಕೆ ಮುಗಿದುಹೋಗಲ್ಲ ತಾನೇ?”

“ಎಲ್ಲಿ ಅಂಕಲ್,” ಎಂದ ಅಭಿರಾಮ ತೇಗುತ್ತಾ. “ಇನ್ನೂ ಬೇಕಾದಷ್ಟಿದೆ.”

“ಸದ್ಯ,” ಎಂದು ನಂಜುಂಡಸ್ವಾಮಿ ನೆಮ್ಮದಿಯ ಉಸಿರುಬಿಟ್ಟರು.